ಸೈಕಲ್ಲಿನ ದೀಪಕ್ಕೆ ವಿದ್ಯುತ್ತು ಎಲ್ಲಿಂದ?

ಮುಂಬಯಿಯಲ್ಲಿ ರಾತ್ರಿಯ ಕೊನೆಯ ಲೋಕಲ್ ಗಾಡಿಗೂ ಮುಂಜಾವದ ಮೊದಲ ಗಾಡಿಗೂ ನಡುವೆ ಸುಮಾರು ಮೂರು ಗಂಟೆಗಳ ಅಂತರವಿದೆ. ಹೋಟೆಲಿನ ಕೆಲಸ ಈ ಅಂತರವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಗಲ್ಲಾ ಮುಚ್ಚಿ, ಲೆಕ್ಕ ಒಪ್ಪಿಸಿ, ಪಾತ್ರೆಗಳು ತೊಳೆದು ಮುಗಿಯುವಷ್ಟರಲ್ಲಿ ಒಬ್ಬನ ಗಾಡಿ ಹೋಗಿಬಿಟ್ಟಿರುತ್ತದೆ. ಇಡ್ಲಿಯ ಹಂಡೆಯನ್ನು ಒಲೆಗೇರಿಸಬೇಕಾದ ಇನ್ನೊಬ್ಬನ ಗಾಡಿ ಬಂದೇ ಇರುವುದಿಲ್ಲ. ಹಿಂದೆ ಮಾಣಿಗಳೂ ಅಡಿಗೆಯವರೂ ಬಹುಪಾಲು ಹೋಟೆಲಿನ ಮಾಳಿಗೆಯಲ್ಲಿಯೇ ಮಲಗುತ್ತಿದ್ದುದರಿಂದ ಇದೊಂದು ಪ್ರಶ್ನೆಯಾಗಿ ಕಾಣುತ್ತಿರಲಿಲ್ಲ. ಈಗ ಸಂಸಾರ ಹೂಡಿ ಕುರ್ಲಾ, ಭಾಂಡೂಪ್, ಜೋಗೇಶ್ವರಿಗಳ ಕಡೆ ಖೋಲಿ ಹಿಡಿದಿರುವವರು ಹೆಚ್ಚು. ಅಂಥವರಲ್ಲಿ ಹಲವರು ವಿದ್ಯುತ್ ಸೈಕಲ್ಲನ್ನು ಕೊಂಡಿದ್ದಾರೆ. ಪಾರ್ಸೆಲು ಮುಟ್ಟಿಸುವ ಹುಡುಗರಂತೂ ಅದನ್ನು ದಿನದ ಬಾಡಿಗೆಗಾದರೂ ಪಡೆದು ಓಡಿಸುತ್ತಿದ್ದಾರೆ. ಹೊತ್ತು ಮುಳುಗಿದ ಮೇಲೆ ಲೆಕ್ಕ ಬರೆಯುವ ಗುಮಾಸ್ತರೂ ಈ ಸಾಲಿಗೆ ಸೇರಿದ್ದಾರೆ.

ಸೈಕಲ್ಲನ್ನು ಕೊಳ್ಳುವಾಗ ಎಲ್ಲರೂ ಕೇಳುವುದು ಎರಡೇ ಪ್ರಶ್ನೆ: ಒಮ್ಮೆ ಚಾರ್ಜು ಮಾಡಿದರೆ ಎಷ್ಟು ದೂರ ಓಡೀತು? ಕಂತು ಎಷ್ಟು? ಮುಂದಿನ ದೀಪ ಎಂಥದು, ಅದಕ್ಕೆ ವಿದ್ಯುತ್ತು ಎಲ್ಲಿಂದ ಬರುತ್ತದೆ ಎಂದು ಕೇಳಿದವರನ್ನು ನಾನು ಕಂಡಿಲ್ಲ. ರಾತ್ರಿ ಒಂದು ಗಂಟೆಗೆ ಆರೇ ಕಾಲನಿಯ ಮರಗಳ ನಡುವೆ ಗೋರೆಗಾಂವದಿಂದ ಪವಾಯಿಯತ್ತ ಬರುವವನಿಗೆ ಇದು ಮೊದಲು ಕೇಳಬೇಕಾದ ಪ್ರಶ್ನೆ. ಅಲ್ಲಿ ಚಿರತೆಯ ಓಡಾಟವಿದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಚಿರತೆಗಿಂತ ರಸ್ತೆಯ ಹೊಂಡವೇ ಹೆಚ್ಚು ಮಂದಿಯನ್ನು ಹಿಡಿಯುತ್ತದೆಂಬುದು ನನ್ನ ಅಭಿಪ್ರಾಯ.

ಕಾನೂನಿನ ಮಾತನ್ನು ಮೊದಲೇ ಹೇಳಿ ಮುಗಿಸುತ್ತೇನೆ. ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮೋಟಾರಿನ ಶಕ್ತಿ ೨೫೦ ವ್ಯಾಟಿಗಿಂತ ಕಡಿಮೆಯಾಗಿದ್ದು, ಗಂಟೆಗೆ ೨೫ ಕಿಲೋಮೀಟರಿಗೆ ವೇಗ ನಿಂತುಹೋಗುವ ವಿದ್ಯುತ್ ಸೈಕಲ್ಲು ಮೋಟಾರು ವಾಹನವೆನಿಸುವುದಿಲ್ಲ. ಅದಕ್ಕೆ ನೋಂದಣಿ ಬೇಡ, ಓಡಿಸುವವನಿಗೆ ಲೈಸೆನ್ಸು ಬೇಡ. ಅದೇ ನಿಯಮ ಕೇಳುವುದು ಸರಿಯಾದ ಬ್ರೇಕು, ಮುಂದೆ ಒಂದು ಬಿಳಿಯ ಪ್ರತಿಫಲಕ, ಹಿಂದೆ ಒಂದು ಕೆಂಪು ಪ್ರತಿಫಲಕ, ಇಷ್ಟೆ. ಬೆಳಗುವ ದೀಪದ ಮಾತು ಆ ನಿಯಮದಲ್ಲಿಲ್ಲ. ಪ್ರತಿಫಲಕವಾದರೋ ಇನ್ನೊಬ್ಬರ ಬೆಳಕು ತನ್ನ ಮೇಲೆ ಬಿದ್ದಾಗ ಮಾತ್ರ ಹೊಳೆಯುವ ವಸ್ತು. ದೀಪವಿಲ್ಲದೆ ಎದುರಿನಿಂದ ಬರುವ ಸೈಕಲ್ಲಿಗೂ, ಕತ್ತಲೆಯಲ್ಲಿ ರಸ್ತೆ ದಾಟುವ ಮುದುಕನಿಗೂ ಅದರಿಂದ ಏನೂ ಪ್ರಯೋಜನವಿಲ್ಲ. ಹಿಂದಿನ ಕಾಲದ ಹವಾಲ್ದಾರನು ದೀಪವಿಲ್ಲದ ಸೈಕಲ್ಲನ್ನು ಕಂಡರೆ ಹಿಡಿದು ನಿಲ್ಲಿಸುತ್ತಿದ್ದ. ಸವಾರನು ಅವನನ್ನು ಕಂಡೊಡನೆ ಕೆಳಗಿಳಿದು ಸಾಧುವಿನಂತೆ ತಳ್ಳಿಕೊಂಡು ಹೋಗುತ್ತಿದ್ದ. ಈಗ ಕೇಳುವವರಿಲ್ಲವೆಂದು ದೀಪ ಬೇಡವಾಗುವುದಿಲ್ಲವಷ್ಟೆ.

ಆ ಹಿಂದಿನ ಸೈಕಲ್ಲಿಗೆ ಡೈನಮೋ ಇತ್ತು. ಮುಂಬಯಿಯ ವರ್ಲಿಯಲ್ಲಿಯೇ ಹಿಂದ್ ಸೈಕಲ್ಸ್ ಕಾರ್ಖಾನೆಯಿದ್ದ ಕಾಲವದು. ಆ ಸಂಸ್ಥೆಯನ್ನೂ ಬಂಗಾಲದ ಸೆನ್-ರ‍್ಯಾಲೇಯನ್ನೂ ೧೯೮೦ರಲ್ಲಿ ರಾಷ್ಟ್ರೀಕರಿಸಲಾಯಿತು. ಟೈರಿನ ಪಕ್ಕಕ್ಕೆ ಒತ್ತಿಕೊಂಡು ತಿರುಗುವ ಆ ಸೀಸೆಯಾಕಾರದ ಡೈನಮೋ ೬ ವೋಲ್ಟಿನಲ್ಲಿ ೩ ವ್ಯಾಟು ಕೊಡುತ್ತಿತ್ತು: ಮುಂದಿನ ದೀಪಕ್ಕೆ ೨.೪, ಹಿಂದಿನದಕ್ಕೆ ೦.೬. ತಂತಿಯ ಬಲ್ಬು ವ್ಯಾಟಿಗೆ ಸುಮಾರು ಹತ್ತು ಲ್ಯೂಮೆನ್ನಿನಷ್ಟೇ ಬೆಳಕು ಕೊಡುವುದರಿಂದ ಮುಂದಿನ ದೀಪದ ಬೆಳಕೆಲ್ಲ ಸೇರಿ ಇಪ್ಪತ್ತೈದು ಲ್ಯೂಮೆನ್ ಆದರೆ ಹೆಚ್ಚು. ಸಿಗ್ನಲಿನಲ್ಲಿ ನಿಂತರೆ ಅದೂ ಆರುತ್ತಿತ್ತು. ಇಂದಿನ ಎಲ್‌ಇಡಿ ದೀಪ ವ್ಯಾಟಿಗೆ ನೂರು ಲ್ಯೂಮೆನ್ನನ್ನು ಸಲೀಸಾಗಿ ಕೊಡುತ್ತದೆ. ನೀಲಿ ಬೆಳಕಿನ ಎಲ್‌ಇಡಿಯನ್ನು ಸಾಧಿಸಿ, ಅದರಿಂದ ಬಿಳಿಯ ಬೆಳಕಿಗೆ ದಾರಿ ಮಾಡಿಕೊಟ್ಟ ಅಕಾಸಾಕಿ, ಅಮಾನೋ, ನಾಕಾಮುರಾ ಎಂಬ ಮೂವರಿಗೆ ೨೦೧೪ರಲ್ಲಿ ಭೌತಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆತದ್ದು ಸುಮ್ಮನೆ ಅಲ್ಲ.

ಹಾಗಿದ್ದರೆ ೨೫ ಲ್ಯೂಮೆನ್ನಿನಲ್ಲಿ ನಮ್ಮ ಹಿರಿಯರು ಜೀವಮಾನವೆಲ್ಲ ಸವಾರಿ ಮಾಡಲಿಲ್ಲವೆ ಎಂದು ಯಾರಾದರೂ ಕೇಳಬಹುದು. ಮಾಡಿದರು, ಗಂಟೆಗೆ ಹನ್ನೆರಡು ಕಿಲೋಮೀಟರಿನಲ್ಲಿ. ಆ ವೇಗದಲ್ಲಿ ಎದುರಿಗೆ ಏನಾದರೂ ಕಂಡು, ಮನಸ್ಸಿಗೆ ಹೊಳೆದು, ಬ್ರೇಕು ಹಿಡಿದು ನಿಲ್ಲಲು ಒಟ್ಟು ಐದು ಮೀಟರು ಸಾಕು. ೨೫ ಕಿಲೋಮೀಟರಿನ ವೇಗವೆಂದರೆ ಸೆಕೆಂಡಿಗೆ ಏಳು ಮೀಟರು. ಕೈ ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲಿಯೇ ಏಳು ಮೀಟರು ಕಳೆಯಿತು. ಒಣ ರಸ್ತೆಯಲ್ಲಿ ನಿಲ್ಲಲು ಇನ್ನೂ ಆರು. ಜುಲೈ ತಿಂಗಳ ಮಳೆಯಲ್ಲಿ ಆ ಆರು ಹನ್ನೆರಡಾಗುತ್ತದೆ. ಅಂದರೆ ಹತ್ತೊಂಬತ್ತು ಇಪ್ಪತ್ತು ಮೀಟರು ಮುಂದಿನ ನೆಲವನ್ನು ತೋರಿಸದ ದೀಪ ವಿದ್ಯುತ್ ಸೈಕಲ್ಲಿಗೆ ಸಾಲದು. ಎಷ್ಟೋ ಸೈಕಲ್ಲುಗಳಿಗೆ ಕಾರ್ಖಾನೆಯಲ್ಲಿ ಕೂಡಿಸಿ ಕಳಿಸುವ ಪುಟ್ಟ ದೀಪ ಇತರರಿಗೆ ನಾವು ಕಾಣುವುದಕ್ಕೆ ಸಾಕು, ನಮಗೆ ದಾರಿ ಕಾಣುವುದಕ್ಕೆ ಸಾಲದು. ದಾದರು ಮಾಟುಂಗಗಳ ಬೆಳಗಿದ ಬೀದಿಗಳಲ್ಲೇ ಓಡಾಡುವವನಿಗೆ ಮೊದಲನೆಯದೇ ಮುಖ್ಯ. ಅವನು ಹೆಚ್ಚು ಹಣ ಸುರಿಯಬೇಕಾಗಿಲ್ಲ. ಉಪನಗರದ ಒಳರಸ್ತೆಗಳವನಿಗೆ ಎರಡೂ ಬೇಕು.

ಇನ್ನು ಅಂಗಡಿಯಲ್ಲಿ ಪೆಟ್ಟಿಗೆಯ ಮೇಲೆ ಬರೆದಿರುವ ಲ್ಯೂಮೆನ್ನಿನ ವಿಷಯ. ಲ್ಯೂಮೆನ್, ಲಕ್ಸ್ ಎಂಬ ಎರಡು ಮಾತುಗಳು ನಮ್ಮವರನ್ನು ಬಹಳ ದಾರಿ ತಪ್ಪಿಸುತ್ತವೆ. ಹೋಟೆಲಿನವನ ರೀತಿಯಲ್ಲಿ ಹೇಳುವುದಾದರೆ, ಲ್ಯೂಮೆನ್ ಎಂದರೆ ಸೌಟಿನಲ್ಲಿರುವ ಹಿಟ್ಟು; ಲಕ್ಸ್ ಎಂದರೆ ಕಾವಲಿಯ ಮೇಲೆ ಆ ಹಿಟ್ಟು ಹರಡಿದಾಗ ದೋಸೆಗೆ ಬರುವ ದಪ್ಪ. ಸೌಟಿನ ಹಿಟ್ಟು ಅಷ್ಟೇ ಇದ್ದರೂ ಅಗಲವಾಗಿ ಎಳೆದರೆ ಪೇಪರ್ ದೋಸೆ, ಕಿರಿದಾಗಿ ಬಿಟ್ಟರೆ ಸೆಟ್ ದೋಸೆ. ೩೦೦ ಲ್ಯೂಮೆನ್ ಬೆಳಕು ೧೦ ಚದರ ಮೀಟರಿನ ಮೇಲೆ ಬಿದ್ದರೆ ೩೦ ಲಕ್ಸ್. ೩೦ ಚದರ ಮೀಟರಿನ ಮೇಲೆ ಚೆಲ್ಲಿದರೆ ೧೦ ಲಕ್ಸ್. ಬ್ಯಾಟರಿ ಟಾರ್ಚಿನಂತೆ ದುಂಡಗೆ ಬೆಳಕು ಚೆಲ್ಲುವ ದೀಪ ಅರ್ಧ ಹಿಟ್ಟನ್ನು ಕಾವಲಿಯ ಹೊರಗೇ ಸುರಿಯುತ್ತದೆ: ಮರದ ಕೊಂಬೆಗಳಿಗೆ, ಎರಡನೆಯ ಮಾಳಿಗೆಯ ಕಿಟಕಿಗಳಿಗೆ, ಎದುರು ಬರುವ ರಿಕ್ಷಾದವನ ಕಣ್ಣಿಗೆ. ಕಣ್ಣು ಕುಕ್ಕಿಸಿಕೊಂಡ ರಿಕ್ಷಾದವನು ನಮ್ಮ ಮೇಲೆಯೇ ಬಂದರೆ ತಪ್ಪು ಅವನದೆಂದು ಹೇಳಲು ಬರುವಂತಿಲ್ಲ.

ಜರ್ಮನಿಯವರು ಈ ವಿಷಯದಲ್ಲಿ ಕಟ್ಟುನಿಟ್ಟಿನವರು. ಅಲ್ಲಿಯ ರಸ್ತೆ ನಿಯಮದಂತೆ ಸೈಕಲ್ಲಿನ ದೀಪ ಹತ್ತು ಮೀಟರು ದೂರದಲ್ಲಿ ಕನಿಷ್ಠ ೧೦ ಲಕ್ಸ್ ಬೆಳಕನ್ನು ಕೊಡಬೇಕು. ಜತೆಗೆ ಬೆಳಕಿನ ಮೇಲಂಚು ಕತ್ತರಿಸಿದಂತೆ ನಿಲ್ಲಬೇಕು, ಎದುರಿನವರ ಕಣ್ಣಿಗೆ ಏರಬಾರದು. ಅಂಥ ದೀಪದ ಮುಖವನ್ನು ನೋಡಿದರೇ ತಿಳಿಯುತ್ತದೆ. ಎಲ್‌ಇಡಿ ನೇರವಾಗಿ ನಮ್ಮನ್ನು ನೋಡದೆ, ಮೇಲಿನಿಂದ ಕೆಳಗಿನ ಕನ್ನಡಿಯತ್ತ ಮುಖ ಮಾಡಿರುತ್ತದೆ. ಈ ಬಗೆಯ ೪೦ ಲಕ್ಸಿನ ದೀಪ ಐದು ವ್ಯಾಟಿನೊಳಗೇ ಮಾಡುವ ಕೆಲಸವನ್ನು ದುಂಡು ಬೆಳಕಿನ ಹದಿನೈದು ವ್ಯಾಟಿನ ದೀಪ ಮಾಡಲಾರದು.

ಪೆಟ್ಟಿಗೆಯ ಮೇಲೆ ‘೧೦,೦೦೦ ಲ್ಯೂಮೆನ್’ ಎಂದು ಅಚ್ಚು ಹಾಕಿ ಫುಟ್‌ಪಾತಿನಲ್ಲಿ ಮಾರುವ ದೀಪಗಳನ್ನು ಕಂಡಾಗ ಸ್ವಲ್ಪ ಕೂಡಿ ಕಳೆಯಿರಿ. ಅಷ್ಟು ಬೆಳಕಿಗೆ ಎಂಬತ್ತು ವ್ಯಾಟಾದರೂ ಬೇಕು. ಅದರೊಳಗಿರುವ ಒಂದು ಲಿಥಿಯಂ ಸೆಲ್ಲಿನಲ್ಲಿ ಇರುವುದು ಹತ್ತು ವ್ಯಾಟ್-ಗಂಟೆಯಷ್ಟು ಶಕ್ತಿ. ಬರೆದದ್ದು ನಿಜವಾಗಿದ್ದರೆ ದೀಪ ಏಳೆಂಟು ನಿಮಿಷದಲ್ಲಿ ಆರಬೇಕು, ಅಷ್ಟರೊಳಗೆ ಮುಟ್ಟಿದ ಕೈ ಸುಡಬೇಕು. ಹಾಗಾಗದೆ ಮೂರು ಗಂಟೆ ತಣ್ಣಗೆ ಉರಿಯುತ್ತದೆ ಎಂದರೆ ಸುಳ್ಳು ಎಲ್ಲಿದೆಯೆಂದು ತಿಳಿಯಲು ಲೆಕ್ಕಿಗನೇ ಬೇಕಾಗಿಲ್ಲ.

ದೀಪವನ್ನು ಕಟ್ಟುವ ಎತ್ತರಕ್ಕೂ ಒಂದು ಕ್ರಮವಿದೆ. ಹಣೆಗೆ ಕಟ್ಟಿಕೊಂಡ ದೀಪ ಹೊಂಡವನ್ನು ಮರೆಸುತ್ತದೆ. ಬೆಳಕೂ ಕಣ್ಣೂ ಒಂದೇ ಎತ್ತರದಲ್ಲಿದ್ದರೆ ಹೊಂಡದ ನೆರಳು ನಮಗೆ ಕಾಣಿಸದೆ ನೆಲವೆಲ್ಲ ಸಪಾಟಾಗಿ ತೋರುತ್ತದೆ. ಹ್ಯಾಂಡಲಿನ ಮಟ್ಟದಲ್ಲಿಯೋ ಅದಕ್ಕಿಂತ ಕೆಳಗೋ ದೀಪವಿದ್ದರೆ ಹೊಂಡದ ಅಂಚು ಕಪ್ಪಾಗಿ ಎದ್ದು ಕಾಣುತ್ತದೆ. ಮುಂದೆ ಬುಟ್ಟಿಯಾಗಲಿ ಪಾರ್ಸೆಲಿನ ಚೀಲವಾಗಲಿ ಇದ್ದರೆ ದೀಪ ಅದರ ಮುಂದಕ್ಕೆ ಬರತಕ್ಕದ್ದು. ಬುಟ್ಟಿಯ ಹಿಂದಿನ ದೀಪ ಬುಟ್ಟಿಯನ್ನಷ್ಟೇ ಬೆಳಗುತ್ತದೆ. ಕಟ್ಟಿದ ಮೇಲೆ ಚಾಳಿನ ಗೋಡೆಯಿಂದ ಐದು ಮೀಟರು ದೂರದಲ್ಲಿ ಸೈಕಲ್ಲನ್ನು ನೆಟ್ಟಗೆ ನಿಲ್ಲಿಸಿ ದೀಪ ಹಚ್ಚಿರಿ. ಗೋಡೆಯ ಮೇಲಿನ ಬೆಳಕಿನ ಮೇಲಂಚು ದೀಪದ ಎತ್ತರಕ್ಕಿಂತ ಒಂದು ಗೇಣು ಕೆಳಗಿರಲಿ. ದೀಪ ನೆಲದಿಂದ ಒಂದು ಮೀಟರು ಎತ್ತರದಲ್ಲಿದ್ದರೆ ಈ ಅಳತೆಗೆ ಬೆಳಕು ಇಪ್ಪತ್ತೈದು ಮೀಟರಿನವರೆಗೆ ನೆಲವನ್ನು ಹಿಡಿಯುತ್ತದೆ. ನಮಗೆ ಬೇಕಾದ ಇಪ್ಪತ್ತು ಮೀಟರು ಅದರೊಳಗೆ ಬಂತು.

ಇಷ್ಟಾದ ಮೇಲೆ ದೀಪಕ್ಕೆ ವಿದ್ಯುತ್ತು ಎಲ್ಲಿಂದ ಎಂಬ ಮುಖ್ಯ ವಿಷಯ. ಹೆಚ್ಚು ಹಣವೂ ಹೆಚ್ಚು ಬ್ಯಾಟರಿಗಳೂ ಹಾಳಾಗುವುದು ಇಲ್ಲಿಯೇ.

ಸೈಕಲ್ಲಿನಲ್ಲಿ ಅಷ್ಟು ದೊಡ್ಡ ಬ್ಯಾಟರಿ ಇರುವಾಗ ದೀಪವನ್ನು ಅದಕ್ಕೇ ಜೋಡಿಸಬಾರದೆ ಎಂಬ ಯೋಚನೆ ಸಹಜವಾದುದೇ. ಆದರೆ ಆ ಬ್ಯಾಟರಿ ೩೬ ವೋಲ್ಟಿನದೋ ೪೮ ವೋಲ್ಟಿನದೋ ಆಗಿರುತ್ತದೆ. ದೀಪ ೬ ಅಥವಾ ೧೨ ವೋಲ್ಟಿನದು. ಹತ್ತನೆಯ ಮಾಳಿಗೆಯ ಟಾಕಿಯ ನೀರನ್ನು ತೆಳುವಾದ ರಬ್ಬರಿನ ನಳಿಗೆಗೆ ಬಿಟ್ಟರೆ ಏನಾದೀತೋ, ನೇರವಾಗಿ ಜೋಡಿಸಿದ ದೀಪಕ್ಕೂ ಅದೇ ಆಗುತ್ತದೆ. ಈ ತೊಡಕಿಗೆ ರಸ್ತೆಬದಿಯ ಮಿಸ್ತ್ರಿಗಳು ಕಂಡುಕೊಂಡಿರುವ ಉಪಾಯವೊಂದಿದೆ. ಅಗ್ಗದ ಸೈಕಲ್ಲುಗಳಲ್ಲಿ ೧೨ ವೋಲ್ಟಿನ ಮೂರು ಸೀಸದ ಬ್ಯಾಟರಿಗಳನ್ನು ಸರಪಳಿಯಂತೆ ಜೋಡಿಸಿ ೩೬ ಮಾಡಿರುತ್ತಾರಷ್ಟೆ? ಅವುಗಳಲ್ಲಿ ಒಂದರಿಂದ ಮಾತ್ರ ಎರಡು ತಂತಿ ಎಳೆದು ೧೨ ವೋಲ್ಟಿನ ದೀಪಕ್ಕೆ ಕೊಟ್ಟುಬಿಡುತ್ತಾರೆ. ದೀಪ ಚೆನ್ನಾಗಿಯೇ ಉರಿಯುತ್ತದೆ.

ಮಾಟುಂಗದ ಹೋಟೆಲೊಂದರಲ್ಲಿ ರುಬ್ಬುವ ಕೆಲಸದಲ್ಲಿರುವ ಕುಂದಾಪುರದ ಕಡೆಯ ಹುಡುಗನೊಬ್ಬ ಹೀಗೆಯೇ ಮಾಡಿಸಿಕೊಂಡಿದ್ದ. ಮೂರು ತಿಂಗಳಾಗುವಷ್ಟರಲ್ಲಿ ಸೈಕಲ್ಲು ಅರ್ಧ ದಾರಿಗೇ ನಿಲ್ಲತೊಡಗಿತು. ತೆಗೆದು ಅಳೆದು ನೋಡಿದರೆ ಎರಡು ಬ್ಯಾಟರಿಗಳು ನೆಟ್ಟಗಿವೆ, ದೀಪಕ್ಕೆ ವಿದ್ಯುತ್ತು ಕೊಡುತ್ತಿದ್ದ ಮೂರನೆಯದು ಸತ್ತಿದೆ. ಮಾರಿದವರು ತಂತಿ ಎಳೆದಿರುವುದನ್ನು ತೋರಿಸಿ ವಾರಂಟಿ ನಡೆಯದೆಂದರು. ‘ಧಣಿ, ದೀಪಕ್ಕೆ ಕೊಟ್ಟದ್ದು ನೂರೈವತ್ತು. ಅದರ ದೆಸೆಯಿಂದ ಹೋದದ್ದು ಊರಿಗೆ ಕಳಿಸಬೇಕಾಗಿದ್ದ ದುಡ್ಡು’ ಎಂದು ಅವನು ಹೇಳಿದ. ಅವನಿಗೆ ಉತ್ತರ ಹೇಳುವ ಸಲುವಾಗಿಯೇ ನಾನು ಈ ವಿಷಯವನ್ನು ತಿಳಿದವರಲ್ಲಿ ಕೇಳಿ, ಓದಿ, ಅರ್ಥಮಾಡಿಕೊಂಡದ್ದು.

ಕಾರಣ ಸರಳವಾದುದು. ಚಾರ್ಜು ಮಾಡುವ ಯಂತ್ರಕ್ಕೆ ಮೂರೂ ಸೇರಿದ ಮೊತ್ತ ಮಾತ್ರ ಕಾಣುತ್ತದೆ; ಒಂದೊಂದರ ಸ್ಥಿತಿ ಕಾಣುವುದಿಲ್ಲ. ದೀಪಕ್ಕೆ ದುಡಿದು ದಣಿದ ಬ್ಯಾಟರಿ ಪ್ರತಿದಿನವೂ ಅರೆಹೊಟ್ಟೆಯಲ್ಲಿ ಏಳುತ್ತದೆ, ಉಳಿದೆರಡು ಅಜೀರ್ಣವಾಗುವಷ್ಟು ಉಣ್ಣುತ್ತವೆ. ಕೆಲವು ವಾರ ಹೀಗೆ ನಡೆದರೆ ಮೊದಲನೆಯದು ಸಾಯುತ್ತದೆ, ಮಿಕ್ಕವುಗಳ ಆಯುಷ್ಯವೂ ಕುಗ್ಗುತ್ತದೆ. ಲಿಥಿಯಂ ಬ್ಯಾಟರಿಯನ್ನು ಬಿಚ್ಚಿ ಒಳಗಿನ ಮೂರು ನಾಲ್ಕು ಸೆಲ್ಲುಗಳಿಂದ ತಂತಿ ಎಳೆಯುವುದಂತೂ ಇನ್ನೂ ಕೆಟ್ಟದ್ದು. ಅಲ್ಲಿ ಹೋಗುವುದು ಹಣ ಮಾತ್ರವಲ್ಲ, ಬೆಂಕಿಯೂ ಏಳಬಹುದು. ಲಿಥಿಯಂ ಬ್ಯಾಟರಿಯ ಪೆಟ್ಟಿಗೆಯನ್ನು ಯಾವ ಕಾರಣಕ್ಕೂ ಬಿಚ್ಚಿಸಬೇಡಿರಿ. ಪ್ರಸಂಗ ಬಂದುದರಿಂದ ಹೇಳುತ್ತೇನೆ, ಅದನ್ನು ಹೋಟೆಲಿನ ಗ್ಯಾಸ್ ಸಿಲಿಂಡರುಗಳ ಮಗ್ಗುಲಲ್ಲಿಟ್ಟು ರಾತ್ರಿಯೆಲ್ಲ ಚಾರ್ಜಿಗೆ ಹಾಕಿ ಮಲಗುವ ಪದ್ಧತಿಯನ್ನು ಮಾಲೀಕರು ಇಂದೇ ನಿಲ್ಲಿಸಬೇಕು.

ಸರಿಯಾದ ಮಾರ್ಗವೆಂದರೆ ಪೂರ್ತಿ ಬ್ಯಾಟರಿಯ ಎರಡು ಕೊನೆಗಳಿಂದ ವಿದ್ಯುತ್ತನ್ನು ಪಡೆದು, ವೋಲ್ಟೇಜನ್ನು ಇಳಿಸುವ ಕನ್ವರ್ಟರಿನ ಮೂಲಕ ದೀಪಕ್ಕೆ ಕೊಡುವುದು. ಬೆಂಕಿಪೊಟ್ಟಣದಷ್ಟು ದೊಡ್ಡದಾದ ಈ ವಸ್ತು ಗ್ರಾಂಟ್ ರೋಡ್ ಸ್ಟೇಶನಿಗೆ ಸಮೀಪದ ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಗಳಲ್ಲಿ ಕೆಲವು ನೂರು ರೂಪಾಯಿಗಳೊಳಗೆ ಸಿಕ್ಕುತ್ತದೆ. ಕೊಳ್ಳುವಾಗ ಒಂದು ಎಚ್ಚರ ಬೇಕು. ೩೬ ವೋಲ್ಟಿನ ಲಿಥಿಯಂ ಬ್ಯಾಟರಿ ಪೂರ್ತಿ ತುಂಬಿದಾಗ ೩೬ ಆಗಿರದೆ ೪೨ ವೋಲ್ಟು ಇರುತ್ತದೆ. ಒಳಗಿನ ಹತ್ತು ಸೆಲ್ಲುಗಳು ಒಂದೊಂದೂ ೪.೨ ಮುಟ್ಟುತ್ತವೆ. ೪೮ ವೋಲ್ಟಿನದರಲ್ಲಿ ಹದಿಮೂರು ಸೆಲ್ಲುಗಳು, ತುಂಬಿದಾಗ ೫೪.೬ ವೋಲ್ಟು. ಅಗ್ಗವಾಗಿ ಎಲ್ಲೆಡೆ ಸಿಕ್ಕುವ ‘ಎಲ್‌ಎಂ ೨೫೯೬’ ಎಂಬ ಬಿಲ್ಲೆಯ ಕನ್ವರ್ಟರು ತಾಳುವುದು ೪೦ ವೋಲ್ಟಿನವರೆಗೆ ಮಾತ್ರ. ಅಂಗಡಿಯವನು ‘೩೬ ವೋಲ್ಟಿಗೆ ನಡೆಯುತ್ತದೆ’ ಎಂದು ಕೊಟ್ಟುಬಿಡುತ್ತಾನೆ. ಸಂಜೆ ಅರ್ಧ ಇಳಿದ ಬ್ಯಾಟರಿಯ ಮೇಲೆ ನಡೆಯಲೂ ನಡೆಯುತ್ತದೆ. ಮರುದಿನ ಪೂರ್ತಿ ಚಾರ್ಜಾದ ಮೇಲೆ ಸುಡುತ್ತದೆ, ಕೆಲವೊಮ್ಮೆ ದೀಪವನ್ನೂ ಜತೆಗೆ ಕರೆದುಕೊಂಡು ಹೋಗುತ್ತದೆ. ೩೬ರ ಬ್ಯಾಟರಿಗೆ ೬೦ ವೋಲ್ಟು ತಾಳುವುದನ್ನೂ, ೪೮ರದಕ್ಕೆ ೭೨ ಅಥವಾ ೮೦ ವೋಲ್ಟು ತಾಳುವುದನ್ನೂ ಕೇಳಿ ತೆಗೆದುಕೊಳ್ಳಬೇಕು. ಕನ್ವರ್ಟರು ಒಳಗೇ ಇರುವ ದೀಪಗಳೂ ಬಂದಿವೆ. ಮೈಮೇಲೆ ‘೧೨–೮೦ ವೋಲ್ಟ್’ ಎಂದು ಬರೆದಿರುತ್ತದೆ. ಅವನ್ನು ನೇರವಾಗಿ ಜೋಡಿಸಬಹುದು. ಆದರೆ ಅವು ಹೆಚ್ಚಾಗಿ ಮೋಟಾರ್ ಸೈಕಲ್ಲಿಗೆಂದು ಮಾಡಿದ ದುಂಡು ಬೆಳಕಿನವು. ಗೇಣಿನ ಪರೀಕ್ಷೆಯನ್ನು ಮರೆಯಬಾರದು.

ಬ್ಯಾಟರಿಯಿಂದ ಹೊರಟ ತಂತಿಗೆ, ಬ್ಯಾಟರಿಯ ಹತ್ತಿರವೇ, ಒಂದು ಆಂಪಿಯರಿನ ಫ್ಯೂಸು ಇರಲೇಬೇಕು. ಐದು ವ್ಯಾಟಿನ ದೀಪ ೩೬ ವೋಲ್ಟಿನಲ್ಲಿ ಎಳೆಯುವುದು ಆಂಪಿಯರಿನ ಏಳನೆಯ ಒಂದು ಪಾಲು, ಅಷ್ಟೆ. ಆದರೆ ಹ್ಯಾಂಡಲು ತಿರುಗಿ ತಿರುಗಿ ತಂತಿಯ ಸಿಪ್ಪೆ ಸವೆದು ಚೌಕಟ್ಟಿಗೆ ತಗಲಿದರೆ ಅದೇ ಬ್ಯಾಟರಿ ಹತ್ತಾರು ಆಂಪಿಯರು ಸುರಿದು ತಂತಿಯನ್ನು ಕೆಂಡವಾಗಿಸಬಲ್ಲದು. ಕಾರಿನ ಸಾಧಾರಣ ಫ್ಯೂಸುಗಳು ೩೨ ವೋಲ್ಟಿಗೆಂದು ಮಾಡಿದವು. ಬ್ಯಾಟರಿಯ ವೋಲ್ಟೇಜಿಗೆ ತಕ್ಕುದನ್ನೇ ಕೇಳಿರಿ. ಸೈಕಲ್ಲಿನ ಕಂಟ್ರೋಲರಿನಿಂದಲೇ ದೀಪಕ್ಕೆಂದು ತಂತಿ ಬಂದಿದ್ದರೆ ಮೀಟರು ಹಿಡಿದು ಅಳೆಯದೆ ಏನನ್ನೂ ಜೋಡಿಸಬಾರದು. ಕೆಲವುಗಳಲ್ಲಿ ಅಲ್ಲಿ ೬ ವೋಲ್ಟು ಬರುತ್ತದೆ, ಕೆಲವುಗಳಲ್ಲಿ ೧೨, ಕೆಲವುಗಳಲ್ಲಿ ಬ್ಯಾಟರಿಯ ಪೂರ್ತಿ ವೋಲ್ಟೇಜು. ಹೊರನೋಟಕ್ಕೆ ಮೂರೂ ಒಂದೇ.

ದೀಪ ಹಚ್ಚಿದರೆ ಬ್ಯಾಟರಿ ಬೇಗ ಖಾಲಿಯಾಗುತ್ತದೆಂದು ಆರಿಸಿಕೊಂಡು ಓಡಿಸುವವರನ್ನು ನೋಡಿದ್ದೇನೆ. ೩೬ ವೋಲ್ಟು, ೭ ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿರುವುದು ೨೫೨ ವ್ಯಾಟ್-ಗಂಟೆ. ಐದು ವ್ಯಾಟಿನ ದೀಪ ಒಂದು ಗಂಟೆ ಉರಿದರೆ, ಕನ್ವರ್ಟರಿನ ಸೋರಿಕೆಯೂ ಸೇರಿ, ಆರು. ನೂರಕ್ಕೆ ಎರಡೂವರೆಗೂ ಕಡಿಮೆ. ಇಪ್ಪತ್ತೈದು ಕಿಲೋಮೀಟರು ಓಡುವ ಸೈಕಲ್ಲಿಗೆ ಇದರಿಂದ ಅರ್ಧ ಕಿಲೋಮೀಟರು ಹೆಚ್ಚು ಕಡಿಮೆಯಾದೀತು. ಟೈರಿನಲ್ಲಿ ಗಾಳಿ ಕಡಿಮೆಯಿದ್ದರೆ ಆಗುವ ನಷ್ಟ ಇದಕ್ಕಿಂತ ದೊಡ್ಡದು.

ಮುಖ್ಯ ಬ್ಯಾಟರಿಯನ್ನೇ ನಂಬಿದ ದೀಪಕ್ಕೆ ಒಂದು ನಿಜವಾದ ಕೊರತೆಯಿದೆ. ಲಿಥಿಯಂ ಬ್ಯಾಟರಿಯೊಳಗಿನ ರಕ್ಷಣೆಯ ಮಂಡಲ, ಸೆಲ್ಲುಗಳು ತೀರ ಬರಿದಾದಾಗ, ಮುನ್ಸೂಚನೆಯಿಲ್ಲದೆ ಎಲ್ಲವನ್ನೂ ಕಡಿದುಬಿಡುತ್ತದೆ. ಮೋಟಾರೂ ದೀಪವೂ ಒಂದೇ ಕ್ಷಣದಲ್ಲಿ ಹೋಗುತ್ತವೆ, ಮತ್ತು ಅದು ಏರು ಹತ್ತುವಾಗಲೇ ಆಗುವುದು. ಏರಿನಲ್ಲಿಯೇ ಎಳೆತ ಹೆಚ್ಚು. ಮೇಲುಸೇತುವೆಯ ನಡುವೆ, ಹಿಂದಿನಿಂದ ಟ್ಯಾಂಕರು ಬರುತ್ತಿರುವಾಗ, ದೀಪವಿಲ್ಲದ ಭಾರವಾದ ಸೈಕಲ್ಲನ್ನು ತುಳಿಯುವ ಸ್ಥಿತಿ ಯಾರಿಗೂ ಬೇಡ. ಆದುದರಿಂದ ಯುಎಸ್‌ಬಿಯಿಂದ ಚಾರ್ಜಾಗುವ, ತನ್ನದೇ ಸೆಲ್ಲಿರುವ ಪುಟ್ಟ ದೀಪವೊಂದು ಮುಂದೆಯೂ, ಅಂಥದೇ ಕೆಂಪುದೀಪವೊಂದು ಹಿಂದೆಯೂ ಬೇರೆಯಾಗಿ ಇರಲಿ. ಮೂರು ವ್ಯಾಟಿನ ಬೆಳಕಿಗೆ ಅಂಥ ಸೆಲ್ಲು ಎರಡೂವರೆ ಗಂಟೆ ಬರುತ್ತದೆ. ಬಾಡಿಗೆಯ ಸೈಕಲ್ಲಿನ ತಂತಿಗಳನ್ನು ಮುಟ್ಟಲು ಬಾರದವರಿಗಂತೂ ಇದೇ ದಾರಿ. ಹೋಟೆಲಿನ ಹೊರಗೆ ನಿಲ್ಲಿಸುವಾಗ ಇದನ್ನು ಕಳಚಿ ಜೇಬಿಗೆ ಹಾಕಿಕೊಳ್ಳಿರಿ. ಇಲ್ಲದಿದ್ದರೆ ಅದು ಮರುದಿನ ಚೋರ್ ಬಜಾರಿನಲ್ಲಿರುತ್ತದೆ. ಮುಂದಿನ ದೀಪ ಮಿಣುಕದೆ ಒಂದೇ ಸಮನೆ ಉರಿಯಲಿ. ಮಿಣುಕುವ ದೀಪ ಗಮನ ಸೆಳೆಯುತ್ತದೆಯಾದರೂ ಎಷ್ಟು ದೂರದಲ್ಲಿದೆಯೆಂದು ಎದುರಿನವನಿಗೆ ಅಂದಾಜು ಸಿಕ್ಕುವುದಿಲ್ಲ.

ಇನ್ನುಳಿದದ್ದು ಮಳೆ. ಡಬ್ಬದ ಮೇಲೆ ‘ಐಪಿ’ ಎಂದು ಬರೆದು ಮುಂದೆ ಎರಡು ಅಂಕಿಗಳಿರುತ್ತವೆ. ಎರಡನೆಯ ಅಂಕಿ ನೀರಿನದು: ೪ ಎಂದರೆ ಎರಚಲನ್ನು ತಾಳುತ್ತದೆ, ೫ ಎಂದರೆ ನಳಿಗೆಯ ಧಾರೆಯನ್ನು, ೭ ಎಂದರೆ ಒಂದು ಮೀಟರು ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಕೆಡುವುದಿಲ್ಲ. ಹಿಂದ್‌ಮಾತಾದ ನೀರನ್ನು ಕಂಡವರಿಗೆ ೫ಕ್ಕಿಂತ ಕಡಿಮೆಯದನ್ನು ನಾನು ಹೇಳಲಾರೆ. ದೀಪಕ್ಕಿಂತ ಮೊದಲು ಕೆಡುವುದು ತಂತಿಯ ಜೋಡಣೆಗಳು. ಕಡಲ ಗಾಳಿಯ ಉಪ್ಪು ತಾಮ್ರವನ್ನು ಒಂದೇ ಮಳೆಗಾಲದಲ್ಲಿ ಹಸಿರಾಗಿಸುತ್ತದೆ. ಜೋಡಣೆಗಳಿಗೆ ಸಿಲಿಕೋನ್ ಗ್ರೀಸು ಸವರಿಸಿ, ತಂತಿಯನ್ನು ದೀಪದೊಳಕ್ಕೆ ಮೇಲಿನಿಂದ ಇಳಿಸದೆ, ಕೆಳಗೆ ತೊಟ್ಟಿಲಿನಂತೆ ಬಾಗಿಸಿ ಮೇಲಕ್ಕೆ ಒಯ್ದು ಸೇರಿಸಿದರೆ ನೀರು ಆ ಬಾಗಿನಿಂದಲೇ ತೊಟ್ಟಿಕ್ಕಿ ಹೋಗುತ್ತದೆ. ಒದ್ದೆಯಾದ ಕಪ್ಪು ಡಾಂಬರು ಬೆಳಕನ್ನು ನಮ್ಮತ್ತ ಕಳಿಸದೆ ಮುಂದಕ್ಕೇ ಜಾರಿಸಿಬಿಡುವುದರಿಂದ ಮಳೆಯ ರಾತ್ರಿ ಎಷ್ಟು ಒಳ್ಳೆಯ ದೀಪವೂ ಮಂಕಾಗಿ ಕಾಣುತ್ತದೆ. ನೀರು ತುಂಬಿದ ಹೊಂಡಕ್ಕೆ ನೆರಳೂ ಇರುವುದಿಲ್ಲ. ಆಗ ಹದಿನೈದು ಕಿಲೋಮೀಟರಿಗೆ ಇಳಿಯಬೇಕು. ಭಾಂಡೂಪಿನವನಿಗೆ ಮನೆ ತಲಪಲು ಹದಿನೈದು ಇಪ್ಪತ್ತು ನಿಮಿಷ ಹೆಚ್ಚಾದೀತು, ಅಷ್ಟೆ.